ಮಾತಿನ ಕೊಳವೆ

ಬಾಗಿಲು ಹಾಕಿದ್ರಾ? ಸರಿ... ಹತ್ತಿರ ಬನ್ನಿ. ಜೋರಾಗಿ ಹೇಳೋ ಸಂಗತಿ ಅಲ್ಲ ಇದು.

ನಮ್ಮ ದೊಡ್ಡಮ್ಮನ ಮಗಳು, ಅಂದರೆ ಅಕ್ಕ, ಅಂಚೆ ಕಚೇರಿಯಲ್ಲಿ ಕೌಂಟರ್ ಕೆಲಸದವಳು. ದೆವ್ವ ಎದುರಿಗೆ ಬಂದು ನಿಂತರೂ ‘ವಿಳಾಸ ಸರಿಯಿಲ್ಲ’ ಅಂತ ವಾಪಸ್ ಕಳಿಸುವ ಪೈಕಿ. ಅಂಥವಳಿಗೆ ಆದದ್ದು.

ಅವಳ ಅಪ್ಪ, ನಮ್ಮ ದೊಡ್ಡಪ್ಪ, ಹೊಳೆ ದಾಟಿಸುವ ಲಾಂಚಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಇಂಜಿನ್ ಕೆಳಗೆ, ಚುಕ್ಕಾಣಿ ಮೇಲೆ. ಮೇಲಿದ್ದ ಕ್ಯಾಪ್ಟನ್‌ಗೆ ಇಂಜಿನ್ ಕಾಣದು, ಕೆಳಗಿದ್ದ ದೊಡ್ಡಪ್ಪನಿಗೆ ಹೊಳೆ ಕಾಣದು. ನಡುವೆ ಇದ್ದದ್ದು ಒಂದು ಹಿತ್ತಾಳೆ ಕೊಳವೆ. ಕ್ಯಾಪ್ಟನ್ ಅದಕ್ಕೆ ಬಾಯಿಟ್ಟು, ಕರೆಯುವುದಕ್ಕೆ ಮೊದಲು ಫೂ ಅಂತ ಊದಿ, ‘ಮುಂದಕ್ಕೆ’ ಅಂದರೆ ಮುಂದಕ್ಕೆ, ‘ಹಿಂದಕ್ಕೆ’ ಅಂದರೆ ಹಿಂದಕ್ಕೆ.

ಮೂವತ್ತು ವರ್ಷದ ಹಿಂದೆ ಒಂದು ಮಂಜಿನ ಸಂಜೆ ಆ ಲಾಂಚು ನಿಲ್ಲದೆ ಹೋಗಿ ಧಕ್ಕೆಗೆ, ಅಂದರೆ ದೋಣಿ ನಿಲ್ಲಿಸುವ ಕಲ್ಲುಕಟ್ಟೆಗೆ, ಬಡಿಯಿತು. ಮೇಲಿನ ಕೋಣೆ ನುಚ್ಚುನೂರಾಯಿತು. ಕ್ಯಾಪ್ಟನ್ ನೀರು ಪಾಲಾದರು. ವಿಚಾರಣೆಯಲ್ಲಿ ದೊಡ್ಡಪ್ಪ ಹೇಳಿದ್ದು ಒಂದೇ ಮಾತು. “ಮೇಲಿಂದ ನನಗೇನೂ ಕೇಳಿಸಲಿಲ್ಲ.” ಸತ್ತವರು ಎದ್ದು ಬಂದು ಸಾಕ್ಷಿ ಹೇಳುತ್ತಾರಾ? ತಪ್ಪೆಲ್ಲ ಕ್ಯಾಪ್ಟನ್ ತಲೆಗೇ ಬಂತು. ಕುಡಿದಿದ್ದನೇನೋ ಅಂತ ಊರು ಆಡಿಕೊಂಡಿತು. ಅವರ ಹೆಂಡತಿ ತಲೆ ತಗ್ಗಿಸಿ ನಡೆಯುವುದನ್ನು ರೂಢಿ ಮಾಡಿಕೊಂಡರು.

ಆಮೇಲೆ ಸೇತುವೆ ಬಂತು. ಲಾಂಚು ಮೂಲೆ ಸೇರಿತು. ಈಚೆಗೆ ಅದಕ್ಕೆ ಬಣ್ಣ ಬಳಿದು ಮ್ಯೂಸಿಯಂ ಮಾಡಿದರು. ತೀರಿಕೊಂಡ ದೊಡ್ಡಪ್ಪನ ಫೋಟೋ ಇಂಜಿನ್ ಕೋಣೆಯಲ್ಲಿ ಹಾಕಿದ್ದೇವೆ, ಮನೆಯವರು ಬಂದು ನೋಡಿ ಅಂತ ಕಾಗದ ಬರೆದರು. ಅಕ್ಕನಿಗೆ ಹೆಮ್ಮೆ. ದೊಡ್ಡಮ್ಮನನ್ನೂ ಕರೆದಳು.

“ನನಗೆ ಮಂಡಿ ನೋವು,” ಅಂದರು ದೊಡ್ಡಮ್ಮ. ಆ ದಿನ ಬೆಳಗ್ಗೆ ತಾನೇ ಅಟ್ಟ ಹತ್ತಿ ಇಳಿದಿದ್ದರು.

ಶನಿವಾರ ಸಂಜೆ ಅಕ್ಕ ಒಬ್ಬಳೇ ಹೋದಳು. ಮುಚ್ಚುವ ಹೊತ್ತು. ಕಾವಲುಗಾರ, ವಯಸ್ಸಾದವರು, ಬಾಗಿಲಲ್ಲೇ ಸ್ಟೂಲ್ ಹಾಕಿ ಕೂತಿದ್ದರು.

“ಬೇಗ ನೋಡ್ಕೊಂಡು ಬಾಮ್ಮ. ಮೇಲೆ ಬೀಗ ಹಾಕಿ ಆಯ್ತು. ಕೆಳಗೆ ಮಾತ್ರ ತೆರೆದಿದೆ.”

ಕಬ್ಬಿಣದ ಏಣಿ ಇಳಿದಳು. ಟಣ್... ಟಣ್... ಟಣ್... ಹೊಸ ಬಣ್ಣದ ವಾಸನೆ, ಅದರಡಿಯಲ್ಲಿ ಹಳೇ ಎಣ್ಣೆ ವಾಸನೆ. ಗೋಡೆಯ ಮೇಲೆ ಅಪ್ಪ, ತೋಳು ಮಡಚಿ ನಿಂತಿದ್ದರು. ಕೆಳಗೆ ಒಂದು ಸಾಲು: ‘ಅಪಘಾತದ ದಿನವೂ ತಮ್ಮ ಜಾಗ ಬಿಟ್ಟು ಕದಲದವರು.’ ಅಕ್ಕನಿಗೆ ಕಣ್ಣು ತುಂಬಿತು. ಸೆರಗಿನಿಂದ ಗಾಜು ಒರೆಸಿದಳು.

ಆಗ ಕೇಳಿಸಿತು. ಫೂ... ಅಂತ. ಒಲೆ ಊದಿದ ಹಾಗೆ. ಫೂ... ಫೂ...

ತಿರುಗಿ ನೋಡಿದರೆ ಗೋಡೆಯಲ್ಲಿ ಕೊಳವೆಯ ಬಾಯಿ. ಕಾವಲುಗಾರರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಳು. ಹತ್ತಿರ ಹೋಗಿ ಬಲಗಿವಿ ಇಟ್ಟಳು.

“ಹಿಂದಕ್ಕೆ...”

ಗಂಡಸಿನ ದನಿ. ಪಿಸುಮಾತು. ಆದರೆ ಕೂಗಿ ಕೂಗಿ ಸೋತ ಗಂಟಲಿನ ಪಿಸುಮಾತು.

“ಹಿಂದಕ್ಕೆ ಹಾಕು ಮಾರಾಯಾ... ಧಕ್ಕೆ ಬಂತು... ಹಿಂದಕ್ಕೆ...”

ಕಿವಿ ತೆಗೆಯೋಣ ಅಂದರೆ ಕುತ್ತಿಗೆ ತಿರುಗಲಿಲ್ಲವಂತೆ. ಏನು ಮಾಡುತ್ತಿದ್ದೇನೆ ಅಂತ ಗೊತ್ತಾಗುವ ಮೊದಲೇ ಬಾಯಿ ಕೊಳವೆಗಿಟ್ಟು ಅಂದುಬಿಟ್ಟಳು. “ಕೇಳಿಸ್ತಾ ಇದೆ.”

ಮತ್ತೆ ಕಿವಿ ಇಟ್ಟಳು. ಆ ಕಡೆ ಸದ್ದಿಲ್ಲ. ಬಹಳ ಹೊತ್ತು... ಆಮೇಲೆ, ನಿಧಾನವಾಗಿ,

“ಈಗ ಕೇಳಿಸ್ತಾ...”

ಅಷ್ಟೇ.

ಏಣಿ ಹೇಗೆ ಹತ್ತಿದಳೋ. ಕಾವಲುಗಾರರು ಸ್ಟೂಲಿನ ಮೇಲೇ ಇದ್ದರು, ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

“ಮೇಲೆ ಯಾರಿದ್ದಾರೆ?” ಅಂದಳು.

ಅವರು ಬೀಗ ತೆಗೆದು ತೋರಿಸಿದರು. ಖಾಲಿ ಕೋಣೆ. ಒಡೆದದ್ದನ್ನು ಕೆಡವಿ ಹೊಸದಾಗಿ ಕಟ್ಟಿದ್ದು. ಕೊಳವೆಯನ್ನು ಆಗಲೇ ನೆಲಮಟ್ಟಕ್ಕೆ ಕುಯ್ದು, ಮೇಲೆ ತಗಡು ಬೆಸೆದಿದ್ದರು. ಊದುವುದಕ್ಕೆ ಬಾಯೇ ಇಲ್ಲ.

“ನಿಮಗೂ ಕೇಳಿಸಿದೆಯಾ?” ಅಂದಳು ಅಕ್ಕ.

“ನಾನು ಕೆಳಗೆ ಇಳಿಯಲ್ಲಮ್ಮ,” ಅಂದರು ಅವರು.

ಅಕ್ಕ ನೇರ ಮನೆಗೆ ಹೋಗಲಿಲ್ಲ. ಕತ್ತಲಾದ ಮೇಲೂ ಊರೊಳಗೆ ಸುತ್ತಿದಳು. ಮನೆ ಹತ್ತಿರದ ಪಾಳು ಬಾವಿಯ ಕಟ್ಟೆ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಒಳಗೆ ಬಂದಾಗ ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದರು. ಇವಳ ಮುಖ ನೋಡಿ ಏನಾಯಿತು ಅಂತ ಕೇಳಲಿಲ್ಲ.

“ಅಮ್ಮ... ಕ್ಯಾಪ್ಟನ್ ಕೂಗಿದ್ದರು ಅಲ್ವಾ?”

ದೊಡ್ಡಮ್ಮ ಲೈಟ್ ಆರಿಸಿದರು. ಕತ್ತಲಲ್ಲೇ ಹೇಳಿದರು.

“ಅವರಿಬ್ಬರಿಗೂ ಆಗಿಬರುತ್ತಿರಲಿಲ್ಲ. ಕ್ಯಾಪ್ಟನ್ ಇಡೀ ದಿನ ಕೊಳವೆಯಲ್ಲಿ ಬೈತಾನೆ, ಕೇಳೋಕಾಗಲ್ಲ ಅಂತ ನಿಮ್ಮಪ್ಪ ಒಂದು ಬಟ್ಟೆ ಕೇಳಿದ್ದರು. ನನ್ನ ಹಳೇ ರವಿಕೆ ಕೊಟ್ಟೆ. ಆ ಸಂಜೆ ಅದನ್ನ ಕೊಳವೆಗೆ ತುರುಕಿದ್ದರು. ಕೇಳಿಸಲಿಲ್ಲ ಅಂದದ್ದು ಸುಳ್ಳಲ್ಲ ಕಣೇ.”

ಅಕ್ಕ ನಿದ್ದೆ ಮಾಡಿದಳೋ ಬಿಟ್ಟಳೋ, ಬೆಳಗಾದ ಕೂಡಲೇ ಎದ್ದು ಕ್ಯಾಪ್ಟನ್ ಮನೆಗೆ ಹೋದಳು. ಅವರ ಹೆಂಡತಿ ಹೊಸ್ತಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು. ಒಳಗೆ ಬಾ ಅನ್ನಲಿಲ್ಲ. ಬೈಯಲೂ ಇಲ್ಲ. “ಇದನ್ನೇ ಬರೆದುಕೊಡ್ತೀಯಾ?” ಅಂತ ಮಾತ್ರ ಕೇಳಿದರು. ಅಕ್ಕ ಅಲ್ಲೇ ಜಗಲಿ ಮೇಲೆ ಕೂತು ಬರೆದು ಸಹಿ ಹಾಕಿದಳು. ದೊಡ್ಡಮ್ಮ ಎರಡು ತಿಂಗಳು ಮಗಳ ಜೊತೆ ಮಾತಾಡಲಿಲ್ಲ. ಮ್ಯೂಸಿಯಂನವರು ಫೋಟೋ ಇಳಿಸಿದರು.

ಅಕ್ಕನಿಗೇನೋ ಭ್ರಮೆ ಅನ್ನುವವರು ಅನ್ನಲಿ. ಆ ವಾರ ನಾನು ಅವರ ಮನೆಯಲ್ಲೇ ಉಳಿದಿದ್ದೆ; ಆ ಭಾನುವಾರ ಬೆಳಗ್ಗೆ ಅವಳ ಹಾಸಿಗೆ ಮಡಚಿದವಳು ನಾನು. ದಿಂಬಿನ ಮೇಲೆ, ಬಲಗಿವಿ ಒರಗುವ ಕಡೆ, ಅಂಗೈಯಗಲ ಒದ್ದೆಯಾಗಿತ್ತು. ಕಣ್ಣೀರು ಅಂದುಕೊಂಡು ಗವಸು ಕೊಡವಿದೆ. ನೆಲದ ಮೇಲೆ ಸರ್‍ ಅಂತ ಮರಳು ಬಿತ್ತು... ಹೊಳೆಯ ಮರಳು, ಒಂದು ಚಿಟಿಕೆಯಷ್ಟು. ನನ್ನ ಕೈಯಾರೆ ಗುಡಿಸಿದ್ದೀನಿ.