ಸೀಟಿನ ಬೆನ್ನಿಗೆ ಬಾಗಿಲು

ಶಿವಮೊಗ್ಗದ ಆಸ್ಪತ್ರೆಯ ವರಾಂಡದಲ್ಲಿ ತಾಯಿಯ ಎಕ್ಸ್‌ರೇಗಾಗಿ ಕಾಯುತ್ತಿದ್ದ ಸುಮನಾಳಿಗೆ, ಪಕ್ಕದ ಬೆಂಚಿನ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬ ಭದ್ರಾವತಿಯಲ್ಲಿ ಗ್ಯಾರೇಜು ಇಟ್ಟಿದ್ದ ವೀರೇಂದ್ರ. ಇನ್ನೊಬ್ಬರು ಅವನಿಗೆ ಕೆಲಸ ಕಲಿಸಿದ ಮೇಷ್ಟ್ರು.

"ಜ್ಞಾನೇಶನ ಕಾರಲ್ಲಿ ಎಂಜಿನ್ ಸೀಟಿನ ಹಿಂದೇನಾ?"

"ಹೌದು ಮೇಷ್ಟ್ರೇ, ರೇಸ್ ಕಾರಿನ ಥರ. ಬೆಲ್ಟ್ ಬದಲಾಯಿಸೋಕೂ ಪೂರ್ತಿ ಎಂಜಿನ್ ಇಳಿಸ್ಬೇಕು. ಅದಕ್ಕೇ ಸೀಟಿನ ಹಿಂದಿನ ತಗಡು ಕತ್ತರಿಸಿ ಬಾಗಿಲು ಮಾಡ್ದೆ. ಕೈ ಹಾಕಿದ್ರೆ ಎಲ್ಲಾ ಸಿಗ್ತಿತ್ತು. ಜ್ಞಾನೇಶ್ ಖುಷಿಗೆ ನನ್ನ ತಬ್ಬಿಕೊಂಡುಬಿಟ್ಟ."

"ಆ ತಗಡು ಇರೋದೇ ಬೆಂಕಿ ತಡೆಯೋಕೆ, ಮಾರಾಯ."

"ಗೊತ್ತಿತ್ತು. ಮುಚ್ಚಳ ಮಾಡಿ ಬೋಲ್ಟ್ ಬಿಗಿದಿದ್ದೆ. ಅಂಚಿಗೆ ಮಾತ್ರ ಮಾಮೂಲಿ ರಬ್ಬರ್ ಹಾಕ್ದೆ. ಬೆಂಕಿಗೆ ತಡೆಯೋ ಪಟ್ಟಿ ಬರೋಕೆ ಹದಿನೈದು ದಿನ ಅಂದ್ರು. ಅವನಿಗೆ ಭಾನುವಾರಕ್ಕೇ ಗಾಡಿ ಬೇಕಿತ್ತು."

"ಪೆಟ್ರೋಲ್ ಪೈಪ್ ಸೋರಿತಾ?"

"ಕುಂಸಿ ದಾಟಿದ ಮೇಲೆ ಸೋರಿ ಹೊತ್ಕೊಳ್ತು. ರಬ್ಬರ್ ಕರಗಿ, ಬೆಂಕಿ ಸೀದಾ ಅವನ ಬೆನ್ನಿಗೇ ಬಂತು."

ಮೇಷ್ಟ್ರು ಎದುರಿನ ವಾರ್ಡಿನ ಬಾಗಿಲತ್ತ ನೋಡಿದರು.

"ಮಾತಾಡ್ತಿದ್ದಾನಾ?"

"ಬೆಳಿಗ್ಗೆಯಿಂದ. 'ವೀರೇಂದ್ರನ್ನ ಯಾರೂ ಬೈಬೇಡಿ, ಅವಸರ ಮಾಡಿದ್ದು ನಾನೇ' ಅಂತಾನಂತೆ. ರಬ್ಬರ್ ವಿಷಯ ಅವನಿಗೆ ಗೊತ್ತೇ ಇಲ್ಲ."

"ಹೇಳಿಬಿಡು."

"ಅದಕ್ಕೇ ಬಂದಿದ್ದು."

ನರ್ಸ್ ಬಾಗಿಲು ತೆರೆದು, "ಜ್ಞಾನೇಶ್ ಅವರನ್ನ ನೋಡೋರು ಒಬ್ಬರೇ ಬನ್ನಿ" ಎಂದಳು.

ವೀರೇಂದ್ರ ಎದ್ದು ಬಾಗಿಲವರೆಗೆ ಹೋದ. ಒಳಗಿನಿಂದ ಯಾರೋ ನರಳಿದ್ದು ಕೇಳಿಸಿತು. ಅವನು ಹಿಂದಕ್ಕೆ ಸರಿದ.

"ನೀವು ಹೋಗಿ ಮೇಷ್ಟ್ರೇ. ನನ್ನ ಕೈಲಾಗಲ್ಲ."

"ನಾನೇನು ಹೇಳ್ಲೋ?"

ವೀರೇಂದ್ರ ಆಗಲೇ ಮೆಟ್ಟಿಲು ಇಳಿಯುತ್ತಿದ್ದ. ಮೇಷ್ಟ್ರು ಚಪ್ಪಲಿ ಬಿಟ್ಟು ನಿಧಾನವಾಗಿ ಒಳಗೆ ಹೋದರು.