ಅಂಬಲಿ ಈರಕ್ಕನ ಹಡಗಿನ ಬಿಲ್ಲೆ

ಹೂಂ ಅನ್ನೋರು ಒಬ್ಬರಾದರೂ ಇದ್ದರೆ ಕಥೆ ಮುಂದೆ ನಡೆಯುತ್ತೆ, ಇಲ್ಲದಿದ್ದರೆ ಬಾಯೊಳಗೇ ಕೂತುಬಿಡುತ್ತೆ. ಹೂಂ ಅನ್ನಿ, ಹೇಳ್ತೀನಿ. ಯಾವ ರಾಜ್ಯ, ಯಾವ ಊರು ಅಂತ ಕೇಳಬೇಡಿ. ತಿರುಗೋ ಕಾಲಿಗೆ ಊರಿನ ಹೆಸರು ಮರೆತುಹೋಗುತ್ತೆ, ಉಂಡ ಮನೆ ಮಾತ್ರ ನೆನಪಿರುತ್ತೆ.

ಒಂದು ಘಟ್ಟ. ಘಟ್ಟದ ಕೆಳಗೆ ಸಮುದ್ರ, ಮೇಲೆ ಪೇಟೆ. ನಡುವೆ ಹೇರಿನ ಎತ್ತುಗಳು ಹತ್ತೋ ದಾರಿ. ದಾರಿಯ ಅರ್ಧಕ್ಕೆ ಒಂದು ಕಟ್ಟೆ, ಕಟ್ಟೆ ಪಕ್ಕ ಒಂದು ಒಲೆ, ಒಲೆ ಮುಂದೆ ಒಬ್ಬ ಹೆಂಗಸು. ಹೆಸರು ಈರಕ್ಕ. ಜನ ಕರೆಯೋದು ಅಂಬಲಿ ಈರಕ್ಕ ಅಂತ. ಉಪ್ಪಿನ ಹೇರಿನವ ಬಂದರೂ ಅಂಬಲಿ, ಮೆಣಸಿನ ಹೇರಿನವ ಬಂದರೂ ಅಂಬಲಿ, ಬರಿಗೈಲಿ ಬಂದವನಿಗೂ ಅಂಬಲಿ. ಇದ್ದವರು ಒಂದು ಹಿಡಿ ರಾಗಿ ಇಟ್ಟುಹೋಗೋರು, ಇಲ್ಲದವರು ಕೈ ಮುಗಿದು ಹೋಗೋರು. ಇಬ್ಬರಿಗೂ ಈರಕ್ಕನದು ಒಂದೇ ಮಾತು: "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ."

ಒಂದು ವರ್ಷ ಏನಾಯ್ತು? ಹಡಗಿನಿಂದಿಳಿದ ಪರದೇಶದ ವ್ಯಾಪಾರಿ ಒಬ್ಬ ಚಳಿಜ್ವರ ಬಂದು ಕಟ್ಟೆ ಮೇಲೆ ಬಿದ್ದ. ಅವನ ಭಾಷೆ ಇವಳಿಗಿಲ್ಲ, ಇವಳ ಭಾಷೆ ಅವನಿಗಿಲ್ಲ. ಹಸಿವಿಗೆ ಭಾಷೆ ಯಾಕೆ? ಮೂರು ದಿನ ತೆಳ್ಳಗೆ ಅಂಬಲಿ ಕುಡಿಸಿದಳು. ನಾಲ್ಕನೇ ದಿನ ಅವನು ಎದ್ದ. ಸೊಂಟದ ಚೀಲದಿಂದ ಒಂದು ಬೆಳ್ಳಿ ಬಿಲ್ಲೆ ತೆಗೆದು ಅವಳ ಅಂಗೈಲಿಟ್ಟು, ಆ ಅಂಗೈಯನ್ನೇ ಕಣ್ಣಿಗೊತ್ತಿಕೊಂಡು ಹೋದ.

ಬಿಲ್ಲೆಯ ಒಂದು ಕಡೆ ಹಡಗು, ಇನ್ನೊಂದು ಕಡೆ ಯಾವುದೋ ರಾಜನ ತಲೆ. ಹಡಗಿನ ಬಿಲ್ಲೆ ಅಂತಾರೆ ಅದಕ್ಕೆ. ಬಂದರಿಂದ ಬಂದರಿಗೆ ಓಡಾಡೋ ವ್ಯಾಪಾರದ ನಾಣ್ಯ. ಬಂದರಲ್ಲೂ ಪೇಟೆಯಲ್ಲೂ ಶರಾಫ ಅಂತ ಇರ್ತಾನೆ, ಇದು ಸಾಚಾ, ಇದು ಖೋಟಾ ಅಂತ ನೋಡಿ ಹೇಳೋನು. ಸಾಚಾ ಅನ್ನಿಸಿದರೆ ಸಣ್ಣ ಉಳಿಯಿಂದ ತನ್ನ ಗುರುತಿನ ಟಸ್ಸೆ ಹೊಡೀತಾನೆ. ಈರಕ್ಕನ ಬಿಲ್ಲೆ ಮೇಲೆ ಅಂಥ ಟಸ್ಸೆ ಮೂರಿದ್ದವು. ಒಂದು ಮೀನು, ಒಂದು ಭತ್ತದ ಕಾಳು, ಒಂದು ಗುಬ್ಬಿ ಹೆಜ್ಜೆ.

ಈರಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ಮಡಕೆಯ ತಳದಲ್ಲಿಟ್ಟಳು. ಕೂಲಿಯಾಗಿದ್ದರೆ ಖರ್ಚು ಮಾಡುತ್ತಿದ್ದಳು. ಇದು ಉಪಕಾರ ನೆನೆದು ಕೊಟ್ಟದ್ದು. ಹೇಗೆ ಮುರಿಸ್ತೀರಿ? ಇಪ್ಪತ್ತು ವರ್ಷ ಅಲ್ಲೇ ಇತ್ತು.

ಆಮೇಲೆ ಒಂದು ದಿನ ಅಂಬಲಿ ಕೊಪ್ಪರಿಗೆಯ ತಳ ಹೋಯಿತು. ಒಲೆ ಇದೆ, ರಾಗಿ ಇದೆ, ಕೊಪ್ಪರಿಗೆ ಇಲ್ಲ. ಮಳೆಗಾಲ ಮುಂದಿದೆ, ದಾರಿಯಲ್ಲಿ ಜನ ಇದ್ದಾರೆ. ಈರಕ್ಕ ಮಡಕೆಗೆ ಕೈ ಹಾಕಿದಳು. "ಅವನು ಅಂಬಲಿ ಕುಡಿದು ಕೊಟ್ಟದ್ದು, ಅಂಬಲಿಗೇ ಹೋಗಲಿ."

ಬಿಲ್ಲೆ ತೆಗೆದರೆ, ಬಾಣಲೆ ಬುಡದ ಹಾಗೆ ಕರ್ರಗಾಗಿದೆ. ಕಪ್ಪು ನಾಣ್ಯ ಇನ್ನೊಬ್ಬರ ಕೈಲಿಡೋದು ಮರ್ಯಾದೆಯಾ? ನೀವಾಗಿದ್ದರೆ ಏನು ಮಾಡ್ತಿದ್ದಿರಿ? ಅವಳೂ ಅದನ್ನೇ ಮಾಡಿದಳು. ಹುಣಸೆಹಣ್ಣು ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ತೆಂಗಿನ ನಾರು ಹಿಡಿದು ಮತ್ತೆ ತಿಕ್ಕಿದಳು. ಬಿಲ್ಲೆ ಹಬ್ಬದ ಬಿಂದಿಗೆ ಹಾಗೆ ಹೊಳೆಯಿತು.

ಅದೇ ತಪ್ಪಾಯ್ತು ನೋಡಿ.

ಸಂತೆ ದಿನ ಈರಕ್ಕ ಘಟ್ಟ ಹತ್ತಿದಳು. ಪೇಟೆ ಬಾಗಿಲಲ್ಲಿ ಕೂತಿದ್ದ ಸುಂಕದ ಭರಮಪ್ಪ, ಬಿಲ್ಲೆಯನ್ನ ಬಿಸಿಲಿಗೆ ಹಿಡಿದ. "ಏನಮ್ಮ ಇದು?"

"ಹಡಗಿನ ಬಿಲ್ಲೆ ಕಣಣ್ಣ. ಇಪ್ಪತ್ತು ವರ್ಷದಿಂದ ನನ್ನ ಹತ್ರ ಇದೆ."

"ಇಪ್ಪತ್ತು ವರ್ಷದ್ದು ನಿನ್ನೆ ಅಚ್ಚಿಂದ ಬಿದ್ದ ಹಾಗೆ ಹೊಳೆಯುತ್ತಾ? ನನ್ನ ಕಿವಿ ಮೇಲೆ ಹೂ ಇಡಬೇಡ."

"ಹುಣಸೆಹಣ್ಣು ಹಾಕಿ ತಿಕ್ಕಿದೆ."

"ಬೆಳ್ಳಗಿರೋದೆಲ್ಲ ಹಾಲಲ್ಲ. ಇದು ಖೋಟಾ."

ಕೇಳಿ, ಆ ಪೇಟೆಯ ಕಟ್ಟಳೆ ಬಲು ಕೆಟ್ಟದು. ಖೋಟಾ ನಾಣ್ಯ ತಂದವರ ಬಲಗೈ ಹೆಬ್ಬೆರಳು ಹೋಗಬೇಕು. ಸಾಚಾನ ಖೋಟಾ ಅಂದವರದೂ ಹೋಗಬೇಕು. ಖೋಟಾಕ್ಕೆ ಟಸ್ಸೆ ಹೊಡೆದ ಶರಾಫನದೂ ಹೋಗಬೇಕು. ಹಳೇ ಟಸ್ಸೆ ಎಷ್ಟಿದ್ದರೂ, ಸಂತೆ ಮುಗಿಯೋದರೊಳಗೆ ಆ ಪೇಟೆಯ ಒಬ್ಬ ಶರಾಫನಾದರೂ ಹೊಸ ಟಸ್ಸೆ ಹೊಡೆಯದಿದ್ದರೆ ನಾಣ್ಯ ಖೋಟಾ ಅಂತಲೇ ಲೆಕ್ಕ. ಹೆಬ್ಬೆರಳಿಲ್ಲದ ಕೈ ಸೌಟು ಹಿಡಿಯುತ್ತಾ? ಈರಕ್ಕ ತನ್ನ ಬೆರಳು ನೋಡಿಕೊಂಡಳು, ಸೆರಗು ಬಿಗಿದಳು, ಶರಾಫರ ಬೀದಿಗೆ ನಡೆದಳು. ಹಿಂದೆ ಭರಮಪ್ಪ, ಅವನ ಹಿಂದೆ ಅರ್ಧ ಸಂತೆ.

ಮೊದಲನೇ ಅಂಗಡಿ ಮಾಣಿಕಪ್ಪ ಶರಾಫನದು. ಅವನು ಕಿವಿಯಲ್ಲಿ ನಾಣ್ಯ ನೋಡೋನು. ಬಿಲ್ಲೆಯನ್ನ ಕಲ್ಲಿನ ಮೇಲೆ ಬಿಟ್ಟ. ತವರ, ಸೀಸ ಬೆರೆಸಿದ್ದು ಠಪ್ ಅನ್ನುತ್ತೆ. ಇದು ಝಿಣ್ ಅಂದು, ಸದ್ದು ಸುಮಾರು ಹೊತ್ತು ಎಳೆಯಿತು.

"ದನಿ ಚೆನ್ನಾಗಿದೆ."

"ಹಾಗಾದರೆ ಟಸ್ಸೆ ಹೊಡೀರಿ ಯಜಮಾನ್ರೇ."

"ದನಿ ಚೆನ್ನಾಗಿದೆ ಅಂದೆ. ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ನನ್ನ ಬೆರಳಿಗೆ ಇನ್ನೂ ಕೆಲಸವಿದೆ ತಾಯಿ."

"ದನಿ ಚೆನ್ನಾಗಿದೆ ಅಂತಾದರೂ ಹೇಳಿದಿರಲ್ಲ," ಅಂದಳು ಈರಕ್ಕ. "ನಿಮ್ಮ ಹೊಟ್ಟೆ ತಣ್ಣಗಿರಲಿ."

ಎರಡನೇ ಅಂಗಡಿ ನೇಮಣ್ಣ ಶರಾಫನದು. ಅವನು ತೂಕದವ. ಒಂದು ತಟ್ಟೆಗೆ ಬಿಲ್ಲೆ, ಇನ್ನೊಂದಕ್ಕೆ ಗುಲಗಂಜಿ. ಎಣಿಸಿ ಎಣಿಸಿ ಹಾಕಿದ. "ಎರಡು ಗುಲಗಂಜಿ ಕಮ್ಮಿ."

"ನೋಡಿದಿರಾ," ಅಂದ ಭರಮಪ್ಪ.

"ತಾಳಪ್ಪ. ಖೋಟಾ ಆಗಿದ್ದರೆ ಹತ್ತು ಕಮ್ಮಿ ಬರ್ತಿತ್ತು. ಎರಡು ಅಂದರೆ ಸವೆತವೂ ಇರಬಹುದು."

"ಹಾಗಾದರೆ ಟಸ್ಸೆ?"

"ಇರಬಹುದು ಅನ್ನೋ ಮಾತಿಗೆ ಟಸ್ಸೆ ಇಲ್ಲಮ್ಮ."

"ಇರಬಹುದು ಅಂತಾದರೂ ಹೇಳಿದಿರಲ್ಲ. ನಿಮ್ಮ ಹೊಟ್ಟೆ ತಣ್ಣಗಿರಲಿ."

ಗುಂಪಿನಲ್ಲಿ ಯಾರೋ ನಕ್ಕರು. "ಬೆರಳು ಹೋಗೋ ಹೊತ್ತಲ್ಲೂ ಹರಸ್ತಾಳಲ್ಲ ಮಾರಾಯ್ರೇ. ಬೆರಳು ಕತ್ತರಿಸೋನಿಗೂ ಹರಸ್ತಾಳೇನೋ."

ಮೂರನೇ ಅಂಗಡಿ ಬೀದಿಯ ಕೊನೆಗೆ. ಅಲ್ಲಿ ಮುದುಕ ಸಾಂತಯ್ಯ ಶರಾಫ ಕೂತಿದ್ದ. ಕಣ್ಣಿಗೆ ಪೊರೆ ಬಂದು ಹತ್ತು ವರ್ಷ. ಅವನು ನಾಣ್ಯ ನೋಡೋದು ಹೆಬ್ಬೆರಳಲ್ಲಿ. ಅವನಿಗೆ ಬೆರಳು ಹೋದರೆ ಕಣ್ಣು ಇನ್ನೊಂದು ಸಲ ಹೋದ ಹಾಗೆ.

ಈರಕ್ಕ ಹುಣಸೆಹಣ್ಣಿಂದ ಕೊಪ್ಪರಿಗೆವರೆಗೂ ನಡೆದದ್ದೆಲ್ಲ ಹೇಳಿದಳು. ಸಾಂತಯ್ಯ ಬಿಲ್ಲೆ ತಗೊಂಡ. ಅವಸರವಿಲ್ಲ. ಹೆಬ್ಬೆರಳು ಮೀನಿನ ಮೇಲೆ ಹೋಯಿತು, ಕಾಳಿನ ಮೇಲೆ ಹೋಯಿತು, ಗುಬ್ಬಿ ಹೆಜ್ಜೆ ಮೇಲೆ ನಿಂತಿತು.

"ಭರಮಪ್ಪಾ, ಈ ಮೀನು ಬಲು ಹಳೇದು, ಬೆನ್ನೆಲ್ಲ ಸವೆದಿದೆ. ಕಾಳು ಅರ್ಧ ಸವೆದಿದೆ. ಗುಬ್ಬಿ ಉಗುರು ಇನ್ನೂ ಚುಚ್ಚುತ್ತೆ. ಅಜ್ಜ, ಮಗ, ಮೊಮ್ಮಗ. ಖೋಟಾದವನು ಒಂದೇ ದಿನ ಅಚ್ಚಿನಲ್ಲಿ ಹುಯ್ದಿದ್ದರೆ ಮೂರಕ್ಕೂ ಒಂದೇ ವಯಸ್ಸಾಗಿರುತ್ತಿತ್ತು."

"ಹೊಳಪಿಗೇನಂತೀಯ ಅಜ್ಜ?"

"ಒಂದು ಜಾಲಿ ಮುಳ್ಳು ಕೊಡು."

ಮುಳ್ಳಿನ ತುದಿಯನ್ನ ಮೀನಿನ ಗುಣಿಗೆ ಇಳಿಸಿ ಕೆದಕಿದ. ತನ್ನ ಬಿಳಿ ಪಂಚೆ ಮೇಲೆ ಉದುರಿಸಿದ. "ನನಗೆ ಕಾಣಲ್ಲ. ನೀವೇ ಹೇಳಿ, ಯಾವ ಬಣ್ಣ?"

"ಕಪ್ಪು," ಅಂದರು ಜನ.

"ಖೋಟಾದವನು ಹೊಗೆ ಹಿಡಿಸಿ ಮೇಲೆ ಕಪ್ಪು ಮಾಡ್ತಾನೆ, ಅವನ ಗುಣಿಯೊಳಗೆ ಹೊಳಪಿರುತ್ತೆ. ಇದು ಮೇಲೆ ಹೊಳಪು, ಗುಣಿಯೊಳಗೆ ಕಪ್ಪು. ಈ ತಾಯಿಯ ಹುಣಸೆಹಣ್ಣು ಅಷ್ಟು ಆಳಕ್ಕೆ ಇಳಿದಿಲ್ಲ. ವಯಸ್ಸನ್ನ ಮೇಲೆ ಬಳಿಯಬಹುದು, ಒಳಗೆ ತುಂಬೋಕೆ ವರ್ಷಗಳೇ ಬೇಕು."

ಭರಮಪ್ಪ ಬಿಡಲಿಲ್ಲ. "ಮೇಲೆ ಬೆಳ್ಳಿ, ಹೊಟ್ಟೆಯೊಳಗೆ ತಾಮ್ರ ಇದ್ದರೆ?"

"ಅದಕ್ಕೇ ಟಸ್ಸೆ ಇರೋದು. ಉಳಿ ಹೊಟ್ಟೆವರೆಗೂ ಇಳಿಯುತ್ತೆ." ಸಾಂತಯ್ಯ ಉಳಿ ಎತ್ತಿಕೊಂಡ.

ಈರಕ್ಕ ಅವನ ಕೈ ಹಿಡಿದಳು. "ಬೇಡಿ ಅಜ್ಜ. ಆ ಪರದೇಶಿ ಮನಸ್ಸಿನೊಳಗೆ ಏನಿತ್ತೋ ನಾನು ಕಂಡಿಲ್ಲ. ನನ್ನ ದೆಸೆಯಿಂದ ನಿಮ್ಮ ಬೆರಳು ಹೋಗೋದು ಬೇಡ."

"ನಿನ್ನ ಮಾತು ನಂಬಿ ಹೊಡೀತಿಲ್ಲ ಮಗಳೇ, ಬಿಲ್ಲೆ ಮಾತು ನಂಬಿ ಹೊಡೀತೀನಿ. ಮಾಣಿಕಪ್ಪ ದನಿ ಚೆನ್ನಾಗಿದೆ ಅಂದ. ನೇಮಣ್ಣ ಸವೆತ ಇರಬಹುದು ಅಂದ. ಇಬ್ಬರೂ ಅರ್ಧರ್ಧ ಹೇಳಿ ಬಾಯಿ ಮುಚ್ಚಿಕೊಂಡರು. ಪೂರಾ ಹೇಳೋಕೆ ಒಬ್ಬ ಬೇಡವಾ?"

ಉಳಿ ಇಟ್ಟ. ಸುತ್ತಿಗೆ ಎತ್ತಿದ. ಸಂತೆಯೆಲ್ಲ ಹತ್ತಿರ ಸರಿಯಿತು. ತಾಮ್ರದ ಕೆಂಪು ಕಂಡರೆ ಇವರಿಬ್ಬರ ಎರಡು ಬೆರಳು, ಬೆಳ್ಳಿಯ ಬಿಳಿ ಕಂಡರೆ ಇನ್ನೊಬ್ಬನ ಬೆರಳು. ಟಕ್.

ಜನ ಬಗ್ಗಿ ನೋಡಿದರು. ಒಳಗೆ, ಕೊಬ್ಬರಿ ಮುರಿದ ಹಾಗೆ ಬಿಳಿ.

"ಸಾಚಾ," ಅಂದ ಸಾಂತಯ್ಯ. "ಬೆಳ್ಳಿ ಮೊದಲನೇ ದರ್ಜೆ. ಆದರೆ ಮುಖ ಕಡೇ ದರ್ಜೆ. ನೀನೇ ತಿಕ್ಕಿ ಕೆಡಿಸಿದೀಯ, ತಿಕ್ಕಿದ ನಾಣ್ಯಕ್ಕೆ ಬೆಲೆ ಕಮ್ಮಿ. ಕಪ್ಪಾಗೇ ತಂದಿದ್ದರೆ ಕೊಪ್ಪರಿಗೆ ಜೊತೆ ಒಂದು ಹಂಡೆಯೂ ಬರ್ತಿತ್ತು. ಈಗ ಕೊಪ್ಪರಿಗೆ ಮಾತ್ರ."

ಇನ್ನೊಬ್ಬರಾಗಿದ್ದರೆ ಹಂಡೆ ಹೋಯಿತಲ್ಲ ಅಂತ ಅಳುತ್ತಿದ್ದರು. ಈರಕ್ಕ ಅಲ್ಲೇ ಮಂಡಿಯೂರಿ ಮುದುಕನ ಹೆಬ್ಬೆರಳನ್ನ ಕಣ್ಣಿಗೊತ್ತಿಕೊಂಡಳು. ಹರಸೋಕೆ ಬಾಯಿ ತೆರೆದಳು, "ನಿಮ್ಮ ಹೊಟ್ಟೆ..." ಅನ್ನೋಷ್ಟರಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಾಂತಯ್ಯ ಅವಳ ತಲೆ ಮುಟ್ಟಿ ಅಂದ, "ಬೇಡ ಬಿಡು, ಅರ್ಥ ಆಯ್ತು."

ಈಗ ಎಲ್ಲರ ಕಣ್ಣು ಎಲ್ಲಿಗೆ ಹೋಯಿತು? ಭರಮಪ್ಪನ ಬಲಗೈಗೆ. ಅವನು ಹೆಬ್ಬೆರಳನ್ನ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡಿದ್ದ. ಮುಖ ಸುಣ್ಣವಾಗಿತ್ತು.

"ಕಟ್ಟಳೆ ಪ್ರಕಾರ ಆ ಬೆರಳು ನಿಂದು ಈರಕ್ಕ," ಅಂದ ಮಾಣಿಕಪ್ಪ. ಈಗ ಅವನಿಗೆ ಬಾಯಿ ಬಂದಿತ್ತು. "ಬೇಕಾ, ಬೇಡವಾ?"

"ಬೇಕು," ಅಂದಳು ಈರಕ್ಕ.

ಭರಮಪ್ಪ ಕುಸಿದು ಕೂತ.

"ಬೆರಳು ಬೇಕು. ಆದರೆ ಕೈ ಸಮೇತ ಬೇಕು. ಕೈ, ಆಳು ಸಮೇತ ಬೇಕು. ಹೊಸ ಕೊಪ್ಪರಿಗೆ ದೊಡ್ಡದು, ನನಗೆ ವಯಸ್ಸಾಯಿತು. ಒಂದು ಮಳೆಗಾಲ ಬಂದು ಅಂಬಲಿ ತಿರುವಲಿ."

ಸಂತೆ ಹೋ ಅಂತ ನಕ್ಕಿತು. ಭರಮಪ್ಪ ಮಾತ್ರ ನಗಲಿಲ್ಲ. ಮುಷ್ಟಿ ಬಿಚ್ಚಿ, ತನ್ನ ಬೆರಳನ್ನ ಮೊದಲ ಸಲ ಕಂಡವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಎದ್ದು ಹೋಗಿ, ಈರಕ್ಕ ಬಿಲ್ಲೆ ಕೊಟ್ಟು ಕೊಂಡ ಕೊಪ್ಪರಿಗೆಯನ್ನ ಕಂಚುಗಾರನ ಅಂಗಡಿಯಿಂದ ತಾನೇ ತಲೆ ಮೇಲೆ ಹೊತ್ತು ಘಟ್ಟ ಇಳಿದ.

ಮೊದಲ ವಾರ ತಲೆ ತಗ್ಗಿಸಿ ಅಂಬಲಿ ತಿರುವಿದ. ಎರಡನೇ ವಾರ ಉಪ್ಪಿನ ಹೇರಿನವನೊಬ್ಬ, ಎತ್ತು ಸತ್ತ ಕಥೆ ಹೇಳಿಕೊಂಡು ಕೂತ. ಭರಮಪ್ಪ ಕೇಳಿದ, ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿದ. ಮಳೆಗಾಲ ಮುಗಿಯಿತು. ಅವನು ಪೇಟೆ ಬಾಗಿಲಿಗೆ ವಾಪಸ್ಸು ಹೋಗಲಿಲ್ಲ. ಈರಕ್ಕ ಹೋಗು ಅನ್ನಲೂ ಇಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅನ್ನೋ ಗಾದೆ ಲೋಕಕ್ಕೆಲ್ಲ ನಡೆಯುತ್ತೆ. ಆ ಘಟ್ಟದ ದಾರಿಯಲ್ಲಿ ಮಾತ್ರ ನಡೆಯಲ್ಲ. ಅಲ್ಲಿ ಜನ ಕಟ್ಟೆ ಹತ್ತಿ ಕೂತು ಹೇಳಿಕೊಳ್ಳೋದೇ ಅವನ ಮುಂದೆ.

ಹೇರು ಹೊತ್ತು ತಂದ ಹಾಗೆ ಈ ಕಥೆ ತಂದಿದ್ದೆ, ನಿಮ್ಮ ಅಂಗಳದಲ್ಲಿ ಇಳಿಸಿದೆ. ಹೂಂ ಅಂದ ಬಾಯಿಗೆಲ್ಲ ಕೈ ಮುಗಿದೆ. ಇನ್ನು ಹೊರೆ ನಿಮ್ಮದು, ದಾರಿ ನಂದು.