ಅರ್ತಷಸ್ತನ ಇಪ್ಪತ್ತನೆಯ ವರ್ಷ

ಕೊಲ್ಲಿ ದೇಶದ ಮಿರ್ದಿಫ್‌ ಬಡಾವಣೆಯ ಬಸ್ ತಂಗುದಾಣದಲ್ಲಿ ಯಮುನಾ ತಾನು ನೋಡಿಕೊಳ್ಳುವ ಮಗುವಿನ ತಳ್ಳುಗಾಡಿಯ ಚಕ್ರಗಳಿಂದ ಮರಳು ಒರೆಸುತ್ತಿದ್ದಳು. ಪಕ್ಕದಲ್ಲಿ ಪ್ರೀತಮನೆಂಬ ಯುವಕ ಬೈಬಲ್ ತೆರೆದು, ಟೀಚರ್ ಆಗಿದ್ದ ತನ್ನ ಅತ್ತೆಯ ಮುಂದೆ ಗೋಳಾಡುತ್ತಿದ್ದ.

"ನಾಳೆ ಚರ್ಚಿನ ಸಭಾದಾಗ ನಾನ ನಿಂತು ಪಾಠ ಹೇಳಬೇಕು, ನನ್ನ ಮಾನ ಹೋಗ್ತೈತಿ, ಅತ್ತಿ. ಯೆರೂಸಲೇಮ್ ಕಟ್ಟಾಕ ಅರಸ ಅಪ್ಪಣೆ ಕೊಟ್ಟ ವರ್ಷದಿಂದ ಎಣಿಸಿದ್ರ ಮೆಸ್ಸೀಯ ಬರೂ ಕಾಲ ಸಿಗಬೇಕು. ಆ ವರ್ಷನ ಗೊಂದಲ ಐತಿ."

"ಏನ್ ಗೊಂದಲ?"

"ಅರಮನಿ ಸೇವಕ ನೆಹೆಮೀಯ ಚಳಿಗಾಲದಾಗ ಯೆರೂಸಲೇಮ್ ಹಾಳುಬಿದ್ದ ಸುದ್ದಿ ಕೇಳಿದಾಗ ಅರ್ತಷಸ್ತ ಅರಸನ ಇಪ್ಪತ್ತನೇ ವರ್ಷ. ಮುಂದ ವಸಂತದಾಗ ಅಪ್ಪಣೆ ಸಿಕ್ಕಾಗ್ಲೂ ಇಪ್ಪತ್ತ. ನಡುವ ಹೊಸ ವರ್ಷ ಬರಲಿಲ್ಲೇನು?"

"ನಿನ್ನ ತಂಗಿ ಡಿಸೆಂಬರ್‌ದಾಗ ಎಷ್ಟನೇ ಕ್ಲಾಸು?"

"ಐದು."

"ಏಪ್ರಿಲ್‌ದಾಗ?"

"ಆಗ್ಲೂ ಐದ. ಅಕಿದು ಬ್ರಿಟಿಷ್ ಸ್ಕೂಲು, ಸೆಪ್ಟೆಂಬರಿಗೆ ಶುರು."

"ನಮ್ಮ ಇಂಡಿಯನ್ ಸ್ಕೂಲಿನ್ಯಾಗ ಏಪ್ರಿಲಿಗೆ ಆರಾಗ್ತಿತ್ತು. ನೆಹೆಮೀಯನೂ ಸೆಪ್ಟೆಂಬರಿನಿಂದ ವರ್ಷ ಎಣಿಸಿರಬೇಕು, ಹುಚ್ಚಪ್ಯಾಲಿ!"

ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದ ಯಮುನಾಗೂ ಅದು ಥಟ್ಟನೆ ತಿಳಿಯಿತು. ಇಂಥ ಟೀಚರ್ ತನಗೂ ಸಿಕ್ಕಿದ್ದರೆ ಎಂದುಕೊಂಡು ಆಕೆಯ ಮುಖವನ್ನೇ ನೋಡಿದಳು.

ಬಸ್ ಬಂತು. ಅತ್ತೆ ಕಾರ್ಡು ತಾಗಿಸಿ ಒಳಗೆ ನಡೆದರು. ಪ್ರೀತಮ ಬೆನ್ನಿಗೇ ಹತ್ತಿದ.

"ಅತ್ತಿ, ನಾಳೆ ನನ್ನ ಬದ್ಲಿ ನೀನ ನಿಂತು ಹೇಳು."

ತಳ್ಳುಗಾಡಿ ಹಿಡಿದು ಹೊರಗೇ ಉಳಿದ ಯಮುನಾಳ ಮುಂದೆ ಬಾಗಿಲು ಮುಚ್ಚಿಕೊಂಡಿತು.